ತೆರೆದ ವೈ-ಫೈಗೆ ತಾನೇ ಸೇರಿಕೊಳ್ಳುವ ರೂಟರ್: ಸ್ಕ್ರಿಪ್ಟ್ ಒಳಗೆ ಏನೇನಿರಬೇಕು?

ಊರೂರು ಸುತ್ತುವ ಕೆಲಸದವರಿಗೆ ಈ ತಾಪತ್ರಯ ಚೆನ್ನಾಗಿ ಗೊತ್ತು. ಉಳಿದುಕೊಂಡ ಲಾಡ್ಜ್‌ನಲ್ಲಿ ವೈ-ಫೈ ಇರುತ್ತದೆ, ಪಾಸ್‌ವರ್ಡ್ ಕೇಳುವುದಿಲ್ಲ. ಆದರೆ ಎರಡು ಫೋನು, ಒಂದು ಲ್ಯಾಪ್‌ಟಾಪು, ಮಗುವಿನ ಟ್ಯಾಬು ಎಲ್ಲವನ್ನೂ ಒಂದೊಂದಾಗಿ ಸೇರಿಸಬೇಕು, ಒಂದೊಂದರಲ್ಲೂ ಲಾಗಿನ್ ಪುಟ ತೆರೆಯಬೇಕು. ಮರುದಿನ ಇನ್ನೊಂದು ಊರು, ಇನ್ನೊಂದು ಹೆಸರಿನ ವೈ-ಫೈ, ಮತ್ತೆ ಮೊದಲಿನಿಂದ ಅದೇ ಕೆಲಸ. ಇದಕ್ಕಿರುವ ಒಳ್ಳೆಯ ಉಪಾಯವೆಂದರೆ ಅಂಗೈಯಗಲದ ಒಂದು ರೂಟರ್. ಹೊರಗಿನ ವೈ-ಫೈಗೆ ಅದೊಂದೇ ಸೇರುತ್ತದೆ. ನಿಮ್ಮ ಉಪಕರಣಗಳೆಲ್ಲ ಎಂದಿಗೂ ಬದಲಾಗದ ಒಂದೇ ಹೆಸರು, ಒಂದೇ ಪಾಸ್‌ವರ್ಡ್ ಇರುವ ಆ ರೂಟರಿಗೆ ಅಂಟಿಕೊಂಡಿರುತ್ತವೆ.

ಹೊರಗಿನ ವೈ-ಫೈ ಹುಡುಕಿ ಸೇರುವ ಕೆಲಸವನ್ನೂ ರೂಟರಿಗೇ ಒಪ್ಪಿಸಬಹುದು. ಅದಕ್ಕೆ ಬೇಕಾದದ್ದು ಒಂದು ಸಣ್ಣ ಸ್ಕ್ರಿಪ್ಟ್. ಅದರಲ್ಲಿ ಸೇರುವ ಭಾಗ ಹತ್ತು ಸಾಲಿನಲ್ಲಿ ಮುಗಿದುಹೋಗುತ್ತದೆ. ಸೇರಿದ ಮೇಲೆ ಇಂಟರ್ನೆಟ್ ನಿಜಕ್ಕೂ ಬರುತ್ತಿದೆಯೇ ಎಂದು ತಿಳಿಯಬೇಕು, ಬಾರದಿದ್ದರೆ ಬಿಟ್ಟು ಬರಬೇಕು, ಯಾವುದಕ್ಕೆ ಸೇರಲೇಬಾರದು ಎಂದು ಗುರುತಿಸಬೇಕು. ಉಳಿದ ಸಾಲುಗಳೆಲ್ಲ ಇದಕ್ಕೇ ಬೇಕಾಗುತ್ತವೆ. ಸ್ಕ್ರಿಪ್ಟ್ ನಂಬಿಕೆಗೆ ಯೋಗ್ಯವೋ ಅಲ್ಲವೋ ಎಂಬುದು ತೀರ್ಮಾನವಾಗುವುದೂ ಆ ಸಾಲುಗಳಲ್ಲೇ.

ರೂಟರ್ ಒಳಗೊಂದು ಲಿನಕ್ಸ್

2002ರ ಡಿಸೆಂಬರಿನಲ್ಲಿ ಲಿಂಕ್‌ಸಿಸ್ ಕಂಪನಿ ಡಬ್ಲ್ಯೂಆರ್‌ಟಿ54ಜಿ ಎಂಬ ರೂಟರನ್ನು ಮಾರುಕಟ್ಟೆಗೆ ತಂದಿತು. ಮೊದಲ ಆವೃತ್ತಿಯಲ್ಲಿದ್ದದ್ದು 125 ಮೆಗಾಹರ್ಟ್ಸ್ ಪ್ರೊಸೆಸರ್, 16 ಎಂಬಿ ರ‍್ಯಾಮ್, 4 ಎಂಬಿ ಫ್ಲ್ಯಾಶ್. ಅದರ ಫರ್ಮ್‌ವೇರ್‌ನಲ್ಲಿ ಲಿನಕ್ಸ್ ಬಳಸಿರುವುದನ್ನು ಮರುವರ್ಷ ಹೊರಗಿನ ಪ್ರೋಗ್ರಾಮರ್‌ಗಳು ಪತ್ತೆಹಚ್ಚಿದರು. ಲಿನಕ್ಸ್‌ನ ಜಿಪಿಎಲ್ ಪರವಾನಗಿಯ ಪ್ರಕಾರ ಅಂಥ ಫರ್ಮ್‌ವೇರ್ ಮಾರುವವರು ಅದರ ಮೂಲ ಕೋಡ್ ಕೊಡಲೇಬೇಕು. ಅಷ್ಟರಲ್ಲಿ ಸಿಸ್ಕೊ ಕೈಸೇರಿದ್ದ ಲಿಂಕ್‌ಸಿಸ್ 2003ರಲ್ಲೇ ಕೋಡನ್ನು ಬಿಡುಗಡೆ ಮಾಡಿತು. ಅದರ ಬುನಾದಿಯ ಮೇಲೆ 2004ರಲ್ಲಿ ಓಪನ್‌ಡಬ್ಲ್ಯೂಆರ್‌ಟಿ ಎಂಬ ಫರ್ಮ್‌ವೇರ್ ಯೋಜನೆ ಶುರುವಾಯಿತು. ಡಿಡಿ-ಡಬ್ಲ್ಯೂಆರ್‌ಟಿ ಬಂದದ್ದೂ ಇದೇ ಹಾದಿಯಲ್ಲಿ. ಎರಡೂ ಯೋಜನೆಗಳ ಹೆಸರಿನಲ್ಲಿ ಆ ಹಳೆಯ ಮಾದರಿಯ ಗುರುತು ಇಂದಿಗೂ ಉಳಿದಿದೆ.

ಲಿನಕ್ಸ್ ಇದ್ದಲ್ಲಿ ಶೆಲ್ ಇರುತ್ತದೆ, ಶೆಲ್ ಇದ್ದಲ್ಲಿ ಸ್ಕ್ರಿಪ್ಟ್ ಬರೆಯಬಹುದು. ಡಿಡಿ-ಡಬ್ಲ್ಯೂಆರ್‌ಟಿ ಬಳಸುವವರ ನಡುವೆ ಆಟೋಎಪಿ ಎಂಬ ಸ್ಕ್ರಿಪ್ಟ್ ಓಡಾಡುತ್ತಿತ್ತು. ತೆರೆದ ನೆಟ್‌ವರ್ಕ್‌ಗಳನ್ನು ಹುಡುಕುವುದು, ಸೇರುವುದು, ಇಂಟರ್ನೆಟ್ ಇಲ್ಲದಿದ್ದರೆ ಮುಂದಿನದನ್ನು ನೋಡುವುದು, ಇಷ್ಟೇ ಅದರ ಕೆಲಸ. ಇಂದು ಓಪನ್‌ಡಬ್ಲ್ಯೂಆರ್‌ಟಿಯಲ್ಲಿ ಅದೇ ಕೆಲಸವನ್ನು ಇನ್ನೂ ಅಚ್ಚುಕಟ್ಟಾಗಿ ಮಾಡುವ ಟ್ರಾವೆಲ್‌ಮೇಟ್ ಎಂಬ ಪ್ಯಾಕೇಜ್ ಸಿದ್ಧವಾಗಿಯೇ ಸಿಗುತ್ತದೆ. ಕಲಿಯಲು ನೀವೇ ಬರೆಯಿರಿ, ದಿನಬಳಕೆಗೆ ಟ್ರಾವೆಲ್‌ಮೇಟ್ ಇಟ್ಟುಕೊಳ್ಳಿ ಎಂಬುದು ನನ್ನ ಸಲಹೆ. ಒಳಗಿನ ತರ್ಕ ಗೊತ್ತಿದ್ದವರಿಗೆ ಸಿದ್ಧ ಪ್ಯಾಕೇಜನ್ನು ಸರಿಯಾಗಿ ಹೊಂದಿಸಲೂ ಬರುತ್ತದೆ.

ಹೊಸದಾಗಿ ರೂಟರ್ ಕೊಳ್ಳುವವರು ಕನಿಷ್ಠ 16 ಎಂಬಿ ಫ್ಲ್ಯಾಶ್, 128 ಎಂಬಿ ರ‍್ಯಾಮ್ ಇರುವುದನ್ನೇ ಆರಿಸಿಕೊಳ್ಳಬೇಕು. ಮಾದರಿಯ ಹೆಸರಿನ ಜೊತೆಗೆ ಪೆಟ್ಟಿಗೆಯ ತಳದಲ್ಲಿರುವ ಹಾರ್ಡ್‌ವೇರ್ ಆವೃತ್ತಿಯನ್ನೂ ಓಪನ್‌ಡಬ್ಲ್ಯೂಆರ್‌ಟಿ ಪ್ರಕಟಿಸುವ ಪಟ್ಟಿಯೊಂದಿಗೆ ತಾಳೆ ನೋಡಿ. ಒಂದೇ ಹೆಸರಿನಲ್ಲಿ ಕಂಪನಿಗಳು ಒಳಗಿನ ಚಿಪ್ ಬದಲಿಸಿ ಮಾರುವುದುಂಟು. ತಪ್ಪು ಆವೃತ್ತಿಯ ಫರ್ಮ್‌ವೇರ್ ಹಾಕಿದರೆ ರೂಟರ್ ಮೇಲೇಳದೆ ಹೋಗಬಹುದು.

ಒಂದೇ ಪೆಟ್ಟಿಗೆ, ಎರಡು ಪಾತ್ರ

ಮನೆಯ ರೂಟರ್ ಸಾಮಾನ್ಯವಾಗಿ ಅಕ್ಸೆಸ್ ಪಾಯಿಂಟ್ ಪಾತ್ರದಲ್ಲಿರುತ್ತದೆ. ಅದು ತನ್ನ ಹೆಸರನ್ನು ಸಾರುತ್ತದೆ, ಫೋನುಗಳು ಅದಕ್ಕೆ ಸೇರುತ್ತವೆ. ಫೋನಿನ ಪಾತ್ರಕ್ಕೆ ಸ್ಟೇಷನ್ ಎನ್ನುತ್ತಾರೆ. ನಮ್ಮ ರೂಟರ್ ಎರಡನ್ನೂ ಒಟ್ಟಿಗೆ ನಿಭಾಯಿಸಬೇಕು. ಹೊರಗಿನ ವೈ-ಫೈ ಪಾಲಿಗೆ ಅದು ಸ್ಟೇಷನ್, ನಮ್ಮ ಉಪಕರಣಗಳ ಪಾಲಿಗೆ ಅಕ್ಸೆಸ್ ಪಾಯಿಂಟ್.

ಇಲ್ಲಿ ರೇಡಿಯೊ ಒಂದು ಕಟ್ಟುಪಾಡು ಹಾಕುತ್ತದೆ. ಒಂದು ರೇಡಿಯೊ ಒಂದು ಹೊತ್ತಿಗೆ ಒಂದೇ ಚಾನೆಲ್‌ನಲ್ಲಿ ಇರಬಲ್ಲದು. ಹೊರಗಿನ ವೈ-ಫೈ 11ನೇ ಚಾನೆಲ್‌ನಲ್ಲಿದ್ದರೆ ನಮ್ಮ ಒಳಗಿನ ವೈ-ಫೈ ಕೂಡ 11ಕ್ಕೇ ಹೋಗಬೇಕು. ಸ್ಟೇಷನ್ ಭಾಗ ಸೇರಲಾಗದೆ ಹುಡುಕುತ್ತಲೇ ಇದ್ದರೆ ಅಕ್ಸೆಸ್ ಪಾಯಿಂಟ್ ಭಾಗವೂ ಮೇಲೇಳದೆ ಕೂರಬಹುದು. ಆಗ ರೂಟರಿನ ಒಳಹೊಕ್ಕು ಸರಿಪಡಿಸಲು ವೈ-ಫೈ ದಾರಿಯೇ ಇರುವುದಿಲ್ಲ, ಕೇಬಲ್ ಹುಡುಕಬೇಕಾಗುತ್ತದೆ. ಒಂದೇ ರೇಡಿಯೊ ಎರಡೂ ಕಡೆ ಮಾತಾಡುವುದರಿಂದ ವೇಗವೂ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಆದ್ದರಿಂದ ಎರಡು ರೇಡಿಯೊ ಇರುವ ರೂಟರನ್ನೇ ತೆಗೆದುಕೊಳ್ಳಿ. ಹೊರಗಿನ ಸಂಪರ್ಕಕ್ಕೆ 2.4 ಗಿಗಾಹರ್ಟ್ಸ್, ಒಳಗಿನ ಉಪಕರಣಗಳಿಗೆ 5 ಗಿಗಾಹರ್ಟ್ಸ್ ಎಂದು ಹಂಚಿಬಿಟ್ಟರೆ ಈ ತೊಡಕುಗಳಲ್ಲಿ ಹೆಚ್ಚಿನವು ಹುಟ್ಟುವುದೇ ಇಲ್ಲ. ಗೋಡೆ ದಾಟಿ ದೂರಕ್ಕೆ ಹೋಗುವ ಗುಣ 2.4ಕ್ಕೆ ಹೆಚ್ಚು, ಹಾಗಾಗಿ ಈ ಹಂಚಿಕೆ ದೂರದ ಸಿಗ್ನಲ್ ಹಿಡಿಯಲೂ ಅನುಕೂಲ.

ಇನ್ನೊಂದು ಹೊಂದಿಕೆ ಐಪಿ ವಿಳಾಸದ್ದು. ಓಪನ್‌ಡಬ್ಲ್ಯೂಆರ್‌ಟಿ ಒಳಗಿನ ಜಾಲಕ್ಕೆ ತಾನಾಗಿ ಕೊಡುವ ವಿಳಾಸ 192.168.1.1. ಲಾಡ್ಜ್‌ನ ರೂಟರಿನದೂ ಬಹುಮಟ್ಟಿಗೆ ಅದೇ ಆಗಿರುತ್ತದೆ. ಒಳಗೂ ಹೊರಗೂ ಒಂದೇ ಸರಣಿಯ ವಿಳಾಸಗಳಿದ್ದರೆ ಪ್ಯಾಕೆಟ್ ಯಾವ ಕಡೆ ಹೋಗಬೇಕೆಂದು ರೂಟರಿಗೆ ತಿಳಿಯುವುದಿಲ್ಲ. ಸಿಗ್ನಲ್ ಚೆನ್ನಾಗಿರುತ್ತದೆ, ವಿಳಾಸ ಸಿಕ್ಕಿರುತ್ತದೆ, ಇಂಟರ್ನೆಟ್ ಮಾತ್ರ ಬರುವುದಿಲ್ಲ. ಒಳಗಿನ ವಿಳಾಸವನ್ನು ಮೊದಲ ದಿನವೇ 192.168.77.1ರಂಥ ಅಪರೂಪದ ಸರಣಿಗೆ ಬದಲಿಸಿಕೊಳ್ಳಿ.

ಗಾಳಿಯಲ್ಲಿ ಏನಿದೆ ಎಂದು ಓದುವುದು

ಪ್ರತಿ ಅಕ್ಸೆಸ್ ಪಾಯಿಂಟ್ ಸಾಮಾನ್ಯವಾಗಿ 102.4 ಮಿಲಿಸೆಕೆಂಡಿಗೊಮ್ಮೆ, ಅಂದರೆ ಸೆಕೆಂಡಿಗೆ ಹತ್ತು ಸಲದಷ್ಟು, ಬೀಕನ್ ಎಂಬ ಸಣ್ಣ ಸಂದೇಶವನ್ನು ಸಾರುತ್ತದೆ. ಅದರಲ್ಲಿ ನೆಟ್‌ವರ್ಕಿನ ಹೆಸರು, ಅಕ್ಸೆಸ್ ಪಾಯಿಂಟಿನ ಹಾರ್ಡ್‌ವೇರ್ ವಿಳಾಸ, ಚಾನೆಲ್, ಯಾವ ವೇಗಗಳು ನಡೆಯುತ್ತವೆ ಎಂಬ ವಿವರಗಳಿರುತ್ತವೆ. ಪ್ರೈವಸಿ ಎಂಬ ಒಂದು ಬಿಟ್ ಕೂಡ ಅದರಲ್ಲಿರುತ್ತದೆ. ಅದು 1 ಆಗಿದ್ದರೆ ನೆಟ್‌ವರ್ಕಿಗೆ ಬೀಗವಿದೆ, 0 ಆಗಿದ್ದರೆ ತೆರೆದಿದೆ. ನಮ್ಮ ಸ್ಕ್ರಿಪ್ಟ್ ಮೊದಲು ನೋಡುವುದು ಈ ಒಂದು ಬಿಟ್ಟನ್ನೇ.

ಸ್ಕ್ಯಾನ್ ಮಾಡುವಾಗ ರೇಡಿಯೊ ಒಂದೊಂದೇ ಚಾನೆಲ್‌ಗೆ ಹೋಗಿ ಕಿವಿಗೊಡುತ್ತದೆ. 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಭಾರತದಲ್ಲಿ ಬಳಕೆಯಲ್ಲಿರುವ ಚಾನೆಲ್‌ಗಳು 13. ಒಂದೊಂದರಲ್ಲೂ ಒಂದು ಬೀಕನ್‌ಗೆ ಕಾಯ್ದರೂ ಒಂದೂವರೆ ಸೆಕೆಂಡಿನೊಳಗೆ ಸುತ್ತು ಮುಗಿಯುತ್ತದೆ. ಆ ಹೊತ್ತಿನಲ್ಲಿ ರೇಡಿಯೊ ತನ್ನ ಚಾನೆಲ್ ಬಿಟ್ಟಿರುವುದರಿಂದ, ನಡೆಯುತ್ತಿರುವ ವಿಡಿಯೊ ಕರೆ ತಡವರಿಸಬಹುದು. ಅದಕ್ಕೇ ಒಂದು ನಿಯಮ ಇಟ್ಟುಕೊಳ್ಳಬೇಕು: ಇರುವ ಸಂಪರ್ಕ ಚೆನ್ನಾಗಿರುವವರೆಗೆ ಸ್ಕ್ಯಾನ್ ಬೇಡ.

ಸ್ಕ್ಯಾನ್ ಫಲಿತಾಂಶ ಹೀಗಿದೆ ಎಂದುಕೊಳ್ಳಿ:

- ಮನೆ-5: ಚಾನೆಲ್ 1, ಸಿಗ್ನಲ್ −44, ಡಬ್ಲ್ಯೂಪಿಎ2 ಬೀಗ
- ಫ್ರೀ ವೈ-ಫೈ: ಚಾನೆಲ್ 11, ಸಿಗ್ನಲ್ −49, ತೆರೆದದ್ದು
- ಅತಿಥಿಗೃಹ: ಚಾನೆಲ್ 6, ಸಿಗ್ನಲ್ −58, ತೆರೆದದ್ದು
- ಹೆಸರಿಲ್ಲದ್ದು: ಚಾನೆಲ್ 6, ಸಿಗ್ನಲ್ −60, ತೆರೆದದ್ದು
- ಲಾಬಿ: ಚಾನೆಲ್ 6, ಸಿಗ್ನಲ್ −83, ತೆರೆದದ್ದು

ಸಿಗ್ನಲ್ ಅಳತೆ ಡಿಬಿಎಂನಲ್ಲಿದೆ. ಸೊನ್ನೆಗೆ ಹತ್ತಿರವಾದಷ್ಟೂ ಸಿಗ್ನಲ್ ಬಲವಾಗಿರುತ್ತದೆ. 10 ಕಡಿಮೆಯಾದರೆ ಶಕ್ತಿ ಹತ್ತರಲ್ಲೊಂದು ಪಾಲಾಗುತ್ತದೆ, 20 ಕಡಿಮೆಯಾದರೆ ನೂರರಲ್ಲೊಂದು ಪಾಲು. −60ರವರೆಗೆ ಧಾರಾಳ, −70ರ ಹೊತ್ತಿಗೆ ಸಾಧಾರಣ, −80 ದಾಟಿದರೆ ಸೇರಿದರೂ ಉಪಯೋಗವಿಲ್ಲ. ಲಾಬಿ ಎಂಬುದನ್ನು ಈ ಕಾರಣಕ್ಕೆ ಕೈಬಿಡಬೇಕು. ಮನೆ-5ಕ್ಕೆ ಬೀಗವಿದೆ, ಅದು ನಮ್ಮದಲ್ಲ. ಹೆಸರಿಲ್ಲದ್ದನ್ನು ಅದರ ಒಡೆಯರು ಬೇಕೆಂದೇ ಮರೆಮಾಡಿದ್ದಾರೆ, ಅದೂ ಬೇಡ. ಉಳಿದವು ಎರಡು.

ಸಿಗ್ನಲ್ ಒಂದನ್ನೇ ನೋಡುವ ಸ್ಕ್ರಿಪ್ಟ್ ಇಲ್ಲಿ ಫ್ರೀ ವೈ-ಫೈ ಎಂಬುದನ್ನು ಹಿಡಿಯುತ್ತದೆ. ಅದು ಯಾರದು ಎಂದು ಅದಕ್ಕೆ ಗೊತ್ತಿಲ್ಲ. ಅತಿಥಿಗೃಹ ಎಂಬ ಹೆಸರನ್ನು ರಿಸೆಪ್ಷನ್‌ನಲ್ಲಿದ್ದವರೇ ನಿಮಗೆ ಹೇಳಿದ್ದರೆ, 9 ಡೆಸಿಬೆಲ್ ಕಡಿಮೆಯಿದ್ದರೂ ಸೇರಬೇಕಾದದ್ದು ಅದಕ್ಕೇ. ಈ ವಿವೇಕ ಸ್ಕ್ರಿಪ್ಟಿಗೆ ಬರಬೇಕಾದರೆ ಅದರ ಕೈಗೆ ಎರಡು ಪಟ್ಟಿ ಕೊಡಬೇಕು. ಮೊದಲನೆಯದು ನೀವು ಒಪ್ಪಿಗೆ ಕೊಟ್ಟ ಹೆಸರುಗಳ ಪಟ್ಟಿ, ಎರಡನೆಯದು ಎಂದೂ ಸೇರಬಾರದ ಹೆಸರುಗಳ ಪಟ್ಟಿ. ಒಪ್ಪಿಗೆಯ ಪಟ್ಟಿಯಲ್ಲಿರುವುದಕ್ಕೆ ಮೊದಲ ಆದ್ಯತೆ. ಎರಡರಲ್ಲೂ ಇಲ್ಲದ ತೆರೆದ ನೆಟ್‌ವರ್ಕನ್ನು ಬರೆದಿಟ್ಟುಕೊಂಡು ನಿಮಗೆ ತೋರಿಸಲಿ, ತಾನಾಗಿ ಸೇರುವುದು ಬೇಡ.

ಹೆಸರೂ ಹೊರಗಿನವರು ಬರೆದದ್ದೇ

ಸ್ಕ್ರಿಪ್ಟ್ ಬರೆಯುವವರು ಎಡವುವ ಒಂದು ಜಾಗವನ್ನು ಹತ್ತಿರದಿಂದ ನೋಡೋಣ. ನೆಟ್‌ವರ್ಕ್ ಹೆಸರು ಗರಿಷ್ಠ 32 ಬೈಟ್ ಇರಬಹುದು. ಅದರಲ್ಲಿ ಯಾವ ಅಕ್ಷರ, ಯಾವ ಚಿಹ್ನೆ ಬೇಕಾದರೂ ಇರಬಹುದು: ಖಾಲಿ ಜಾಗ, ಉದ್ಧರಣ ಚಿಹ್ನೆ, ಅರ್ಧವಿರಾಮ, ಡಾಲರ್ ಗುರುತು. ಈ ಕೊನೆಯ ಮೂರಕ್ಕೂ ಶೆಲ್‌ನಲ್ಲಿ ವಿಶೇಷ ಅರ್ಥವಿದೆ. ಸಿಕ್ಕಿದ ಹೆಸರನ್ನು ಆದೇಶದ ಸಾಲಿನೊಳಗೆ ಅಂಟಿಸಿ ಓಡಿಸಿದರೆ, ಹೆಸರಿನ ಒಂದು ತುಂಡು ಆದೇಶವಾಗಿಬಿಡಬಹುದು. ರೂಟರಿನಲ್ಲಿ ಸ್ಕ್ರಿಪ್ಟ್ ಓಡುವುದು ರೂಟ್ ಅಧಿಕಾರದಲ್ಲಿ. ಅಂದರೆ ಪಕ್ಕದ ಕೋಣೆಯಲ್ಲಿ ಕುಳಿತವರು ತಮ್ಮ ವೈ-ಫೈಗೆ ಒಂದು ಹೆಸರಿಟ್ಟರೆ ಸಾಕು, ನಿಮ್ಮ ರೂಟರ್ ಅವರ ಮಾತು ಕೇಳುತ್ತದೆ. ಹೆಸರನ್ನು ಯಾವಾಗಲೂ ಉದ್ಧರಣ ಚಿಹ್ನೆಯೊಳಗಿನ ಚರಾಂಕವಾಗಿ ಸಾಗಿಸಿ. ಇವ್ಯಾಲ್ ಎಂಬ ಆದೇಶವನ್ನು ಇಂಥ ಸ್ಕ್ರಿಪ್ಟಿನಲ್ಲಿ ಬಳಸಲೇಬೇಡಿ.

ಕನ್ನಡದ ಹೆಸರುಗಳಿಗೂ ಇದೇ ಎಚ್ಚರ ಬೇಕು. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಮೂಲಾಕ್ಷರ, ಒಂದೊಂದು ಸ್ವರಚಿಹ್ನೆ, ಒಂದೊಂದು ವಿರಾಮಕ್ಕೂ 3 ಬೈಟ್ ಬೇಕು. ‘ನಮ್ಮಮನೆ’ ಎಂಬ ಪುಟ್ಟ ಹೆಸರೇ 21 ಬೈಟ್ ತಿನ್ನುತ್ತದೆ. ಐಡಬ್ಲ್ಯೂ ಎಂಬ ಸ್ಕ್ಯಾನ್ ಸಾಧನ ಇಂಥ ಹೆಸರನ್ನು ಅಕ್ಷರವಾಗಿ ತೋರಿಸದೆ ಬೈಟ್ ಸಂಕೇತಗಳ ಸಾಲಾಗಿ ತೋರಿಸುತ್ತದೆ. ಅದನ್ನು ಹಾಗೇ ಹೋಲಿಸಿದರೆ ನಿಮ್ಮ ಪಟ್ಟಿಯಲ್ಲಿರುವ ಕನ್ನಡ ಹೆಸರು ಎಂದಿಗೂ ಹೊಂದುವುದಿಲ್ಲ. ಸಂಕೇತಗಳನ್ನು ಬೈಟ್‌ಗಳಿಗೆ ಬಿಡಿಸಿಕೊಂಡ ಮೇಲೆ ಹೋಲಿಸಬೇಕು.

ಸೇರುವುದು, ಕಾಯುವುದು, ಬಿಡುವುದು

ಓಪನ್‌ಡಬ್ಲ್ಯೂಆರ್‌ಟಿಯಲ್ಲಿ ಎಲ್ಲ ಹೊಂದಿಕೆಗಳನ್ನೂ ಯುಸಿಐ ಎಂಬ ವ್ಯವಸ್ಥೆ ನೋಡಿಕೊಳ್ಳುತ್ತದೆ. ಮೊದಲೇ ಒಂದು ಸ್ಟೇಷನ್ ವಿಭಾಗ ಮಾಡಿಟ್ಟು, ಅದನ್ನು ಡಬ್ಲ್ಯೂವ್ಯಾನ್ ಎಂಬ ಹೊಸ ಜಾಲಕ್ಕೆ ಜೋಡಿಸಿ, ಆ ಜಾಲವನ್ನು ಫೈರ್‌ವಾಲ್‌ನ ವ್ಯಾನ್ ವಲಯಕ್ಕೆ ಸೇರಿಸಬೇಕು. ಈ ಕೊನೆಯ ಹೆಜ್ಜೆ ತಪ್ಪಿಸಬೇಡಿ. ವ್ಯಾನ್ ವಲಯದಲ್ಲಿದ್ದರೆ ಮಾತ್ರ ಲಾಡ್ಜ್‌ನ ವೈ-ಫೈಯಲ್ಲಿರುವ ಅಪರಿಚಿತರು ನಿಮ್ಮ ರೂಟರಿನ ಆಡಳಿತ ಪುಟಕ್ಕೂ ಒಳಗಿನ ಉಪಕರಣಗಳಿಗೂ ಕೈಹಾಕಲಾರರು.

ಅಲ್ಲಿಂದ ಮುಂದೆ ಸ್ಕ್ರಿಪ್ಟ್ ನಡೆಯುವ ಸುತ್ತು ಇದು:

1. ಈಗಿನ ಸಂಪರ್ಕದಲ್ಲಿ ಇಂಟರ್ನೆಟ್ ಇದೆಯೇ ಪರೀಕ್ಷಿಸು. ಇದ್ದರೆ 60 ಸೆಕೆಂಡ್ ಮಲಗು, ಎದ್ದು ಮತ್ತೆ ಇಲ್ಲಿಂದಲೇ ಶುರುಮಾಡು.
2. ಇಲ್ಲದಿದ್ದರೆ ಎರಡು ಸಲ ಮತ್ತೆ ನೋಡು. ಮೂರೂ ಸಲ ಸೋತರೆ ಮಾತ್ರ ಮುಂದೆ ಹೋಗು.
3. ಸ್ಕ್ಯಾನ್ ಮಾಡು. ಬೀಗವಿರುವುದು, ಹೆಸರಿಲ್ಲದ್ದು, −75ಕ್ಕಿಂತ ದುರ್ಬಲವಾದದ್ದು, ನಿಷೇಧಿತ ಪಟ್ಟಿಯಲ್ಲಿರುವುದು, ಒಪ್ಪಿಗೆ ಇಲ್ಲದ್ದು, ಎಲ್ಲವನ್ನೂ ತೆಗೆ.
4. ಉಳಿದದ್ದನ್ನು ಸಿಗ್ನಲ್ ಬಲದ ಪ್ರಕಾರ ಜೋಡಿಸು.
5. ಮೊದಲನೆಯದಕ್ಕೆ ಸೇರು. 30 ಸೆಕೆಂಡಿನೊಳಗೆ ಡಿಎಚ್‌ಸಿಪಿಯಿಂದ ಐಪಿ ವಿಳಾಸ ಬಾರದಿದ್ದರೆ ಬಿಡು.
6. ವಿಳಾಸ ಬಂದರೆ ಇಂಟರ್ನೆಟ್ ಪರೀಕ್ಷಿಸು. ಬಂದರೆ ಇಲ್ಲೇ ನಿಲ್ಲು. ಲಾಗಿನ್ ಪುಟ ಎದುರಾದರೆ ದೀಪ ಹೊತ್ತಿಸಿ ನಿಲ್ಲು. ಏನೂ ಬಾರದಿದ್ದರೆ ಈ ನೆಟ್‌ವರ್ಕನ್ನು ಹತ್ತು ನಿಮಿಷ ಬದಿಗಿಟ್ಟು ಮುಂದಿನದಕ್ಕೆ ಹೋಗು.

ಎರಡನೆಯ ಹೆಜ್ಜೆ ಸಣ್ಣದಾಗಿ ಕಂಡರೂ ಅದಿಲ್ಲದೆ ರೂಟರ್ ಬಳಸುವುದೇ ಕಷ್ಟ. ಒಂದೇ ಒಂದು ಪರೀಕ್ಷೆ ಸೋತ ಕೂಡಲೇ ಹೊರಟುಬಿಡುವ ಸ್ಕ್ರಿಪ್ಟ್, ಯಾರೋ ಮೈಕ್ರೊವೇವ್ ಒಲೆ ಹಚ್ಚಿದ ಮಾತ್ರಕ್ಕೆ ಸಂಪರ್ಕ ಕಡಿದುಕೊಂಡು ಅಲೆಯಲು ಹೊರಡುತ್ತದೆ. ಆರನೆಯ ಹೆಜ್ಜೆಯಲ್ಲಿ ಬದಿಗಿಡುವಾಗ ಹೆಸರಿನ ಜೊತೆಗೆ ಹಾರ್ಡ್‌ವೇರ್ ವಿಳಾಸವನ್ನೂ ಬರೆದುಕೊಳ್ಳಬೇಕು. ದೊಡ್ಡ ಕಟ್ಟಡಗಳಲ್ಲಿ ಒಂದೇ ಹೆಸರಿನ ಹಲವು ಅಕ್ಸೆಸ್ ಪಾಯಿಂಟ್‌ಗಳಿರುತ್ತವೆ. ಒಂದು ಕೆಟ್ಟಿದ್ದರೆ ಎಲ್ಲವನ್ನೂ ದೂರ ಇಡಬೇಕಾಗಿಲ್ಲ.

ಈ ಸುತ್ತನ್ನು ಗೊತ್ತಾದ ಹೊತ್ತಿಗೆ ಆದೇಶ ಓಡಿಸುವ ಕ್ರಾನ್ ಮೂಲಕ ನಿಮಿಷಕ್ಕೊಮ್ಮೆ ಎಬ್ಬಿಸುವವರಿದ್ದಾರೆ. ಹಿಂದಿನ ಸುತ್ತು ಇನ್ನೂ ಮುಗಿಯದಿರುವಾಗಲೇ ಹೊಸದು ಎದ್ದರೆ ಎರಡೂ ಸೇರಿ ರೇಡಿಯೊವನ್ನು ಆಚೆ ಈಚೆ ಎಳೆದಾಡುತ್ತವೆ. ಓಪನ್‌ಡಬ್ಲ್ಯೂಆರ್‌ಟಿಯಲ್ಲಿ ಸೇವೆಗಳನ್ನು ನೋಡಿಕೊಳ್ಳುವ ಪ್ರೊಕ್‌ಡಿ ಮೂಲಕ ಒಂದೇ ಸೇವೆಯಾಗಿ ಸದಾ ಓಡಿಸುವುದು ಮೇಲು. ಸ್ಕ್ರಿಪ್ಟ್ ಸತ್ತರೆ ಅದನ್ನು ಮತ್ತೆ ಎಬ್ಬಿಸುವ ಕೆಲಸವನ್ನೂ ಪ್ರೊಕ್‌ಡಿಯೇ ಮಾಡುತ್ತದೆ.

ದಾಖಲೆಗಳನ್ನು ಟಿಎಂಪಿ ಫೋಲ್ಡರಿನಲ್ಲಿ ಬರೆಯಿರಿ. ಅದು ಇರುವುದು ರ‍್ಯಾಮ್‌ನಲ್ಲಿ. ಫ್ಲ್ಯಾಶ್ ಚಿಪ್‌ನ ಒಂದೊಂದು ಭಾಗವನ್ನೂ ಅಳಿಸಿ ಬರೆಯಲು ಮಿತಿಯಿದೆ, ನಿಮಿಷಕ್ಕೊಮ್ಮೆ ಬರೆಯುತ್ತಿದ್ದರೆ ರೂಟರಿನ ಆಯುಷ್ಯ ತಗ್ಗುತ್ತದೆ. ಪರೀಕ್ಷೆಯಲ್ಲಿ ಗೆದ್ದ ನೆಟ್‌ವರ್ಕಿನ ವಿವರವನ್ನು ಮಾತ್ರ ಫ್ಲ್ಯಾಶಿಗೆ ಬರೆದಿಟ್ಟರೆ ಸಾಕು.

ಇಂಟರ್ನೆಟ್ ಇದೆ ಎಂದು ಹೇಗೆ ತಿಳಿಯುವುದು?

ಇಡೀ ಸ್ಕ್ರಿಪ್ಟಿನ ಜೀವ ಈ ಪ್ರಶ್ನೆಯಲ್ಲಿದೆ. ಐಪಿ ವಿಳಾಸ ಬಂತೆಂದರೆ ಸ್ಥಳೀಯ ರೂಟರ್ ಮಾತಾಡಿತು ಎಂದಷ್ಟೇ ಅರ್ಥ. ಪಿಂಗ್ ನಂಬುವ ಹಾಗಿಲ್ಲ: ಕೆಲವು ಕಡೆ ಲಾಗಿನ್ ಆಗದಿದ್ದರೂ ಪಿಂಗ್ ದಾಟುತ್ತದೆ, ಇನ್ನು ಕೆಲವು ಕಡೆ ಇಂಟರ್ನೆಟ್ ಸೊಗಸಾಗಿದ್ದರೂ ಪಿಂಗ್ ತಡೆದಿರುತ್ತಾರೆ. ಡಿಎನ್‌ಎಸ್ ಉತ್ತರವೂ ಸಾಕ್ಷಿಯಾಗದು, ಲಾಗಿನ್ ವ್ಯವಸ್ಥೆಗಳು ಯಾವ ಹೆಸರು ಕೇಳಿದರೂ ತಮ್ಮದೇ ವಿಳಾಸ ಕೊಡಬಲ್ಲವು.

ನಿಮ್ಮ ಆಂಡ್ರಾಯ್ಡ್ ಫೋನ್ ವೈ-ಫೈ ಸೇರಿದಾಗ ಮಾಡುವುದನ್ನೇ ರೂಟರೂ ಮಾಡಬೇಕು. ಫೋನು ಗೂಗಲ್‌ನ ಒಂದು ಗೊತ್ತಾದ ವಿಳಾಸಕ್ಕೆ ಬೀಗವಿಲ್ಲದ ಎಚ್‌ಟಿಟಿಪಿಯಲ್ಲಿ ವಿನಂತಿ ಕಳಿಸುತ್ತದೆ. ಅಲ್ಲಿಂದ ಬರಬೇಕಾದ ಉತ್ತರ 204 ಎಂಬ ಸಂಕೇತ ಮಾತ್ರ, ಪುಟದಲ್ಲಿ ಏನೂ ಇರಬಾರದು. ಬರುವ ಉತ್ತರಗಳು ಮೂರು ಬಗೆ. 204 ಬಂದರೆ ದಾರಿ ಸಂಪೂರ್ಣ ತೆರೆದಿದೆ. 302 ಅಥವಾ 200 ಬಂದರೆ ನಡುವೆ ಯಾರೋ ನಮ್ಮ ವಿನಂತಿಯನ್ನು ಹಿಡಿದು ತಮ್ಮ ಪುಟ ತೋರಿಸುತ್ತಿದ್ದಾರೆ, ಅಂದರೆ ಲಾಗಿನ್ ಆಗಬೇಕು. ಏನೂ ಬಾರದಿದ್ದರೆ ಆ ನೆಟ್‌ವರ್ಕಿನ ಹಿಂದೆ ಇಂಟರ್ನೆಟ್ ಇಲ್ಲ.

ಈ ಪರೀಕ್ಷೆಗೆ ಎಚ್‌ಟಿಟಿಪಿಎಸ್ ಬಳಸಬಾರದು, ಅದಕ್ಕೆ ಎರಡು ಕಾರಣಗಳಿವೆ. ಎಚ್‌ಟಿಟಿಪಿಎಸ್ ವಿನಂತಿಯನ್ನು ಲಾಗಿನ್ ವ್ಯವಸ್ಥೆ ತನ್ನ ಪುಟಕ್ಕೆ ತಿರುಗಿಸಲಾಗದು, ಹಾಗಾಗಿ ಲಾಗಿನ್ ಬೇಕಾದದ್ದಕ್ಕೂ ಇಂಟರ್ನೆಟ್ಟೇ ಇಲ್ಲದ್ದಕ್ಕೂ ವ್ಯತ್ಯಾಸ ಕಾಣುವುದಿಲ್ಲ. ಎರಡನೆಯದು ಗಡಿಯಾರ. ಹೆಚ್ಚಿನ ಪುಟ್ಟ ರೂಟರುಗಳಲ್ಲಿ ಬ್ಯಾಟರಿಯಿಂದ ನಡೆಯುವ ಗಡಿಯಾರ ಇರುವುದಿಲ್ಲ. ಸ್ವಿಚ್ ಹಾಕಿದಾಗ ಅವಕ್ಕೆ ಸರಿಯಾದ ದಿನಾಂಕ ಗೊತ್ತಿರುವುದಿಲ್ಲ, ಇಂಟರ್ನೆಟ್ ಬಂದ ಮೇಲೆಯೇ ಕೇಳಿ ತಿಳಿಯುತ್ತವೆ. ದಿನಾಂಕ ತಪ್ಪಿದ್ದರೆ ಎಚ್‌ಟಿಟಿಪಿಎಸ್ ಪ್ರಮಾಣಪತ್ರ ಅಸಿಂಧುವಾಗಿ ಕಾಣುತ್ತದೆ, ಇರುವ ಇಂಟರ್ನೆಟ್ಟನ್ನೂ ಇಲ್ಲವೆಂದು ಸ್ಕ್ರಿಪ್ಟ್ ತೀರ್ಮಾನಿಸುತ್ತದೆ.

ಲಾಗಿನ್ ಪುಟದ ಮುಂದೆ

ಲಾಗಿನ್ ಪುಟ ಎದುರಾದಾಗ ಮನುಷ್ಯರನ್ನು ಕರೆಯುವುದೇ ಸರಿಯಾದ ದಾರಿ. ರೂಟರಿನ ಎಲ್‌ಇಡಿ ದೀಪಗಳನ್ನು ಸ್ಕ್ರಿಪ್ಟಿನಿಂದಲೇ ಹೊತ್ತಿಸಬಹುದು, ಒಂದನ್ನು ಇದಕ್ಕೇ ಮೀಸಲಿಡಿ. ದೀಪ ಮಿನುಗಿದಾಗ ನಿಮ್ಮ ಫೋನಿನಲ್ಲಿ ಬ್ರೌಸರ್ ತೆರೆದು ಲಾಗಿನ್ ಆದರೆ ಸಾಕು. ಹೊರಗಿನ ವ್ಯವಸ್ಥೆಗೆ ಕಾಣುವುದು ರೂಟರಿನ ಒಂದೇ ಹಾರ್ಡ್‌ವೇರ್ ವಿಳಾಸ, ಆದ್ದರಿಂದ ಒಂದು ಲಾಗಿನ್ ಎಲ್ಲ ಉಪಕರಣಗಳಿಗೂ ಒದಗುತ್ತದೆ.

ಪುಟ ತೆರೆಯದೆ ಸತಾಯಿಸಿದರೆ ಮೂರು ಕಡೆ ನೋಡಿ. ಮೊದಲನೆಯದು ರೂಟರಿನಲ್ಲಿ ಡಿಎನ್‌ಎಸ್ ನೋಡಿಕೊಳ್ಳುವ ಡಿಎನ್‌ಎಸ್‌ಮಾಸ್ಕ್‌ನ ರೀಬೈಂಡ್ ರಕ್ಷಣೆ. ಹೊರಗಿನ ಹೆಸರಿಗೆ 10 ಅಥವಾ 192.168 ಸರಣಿಯ ಖಾಸಗಿ ವಿಳಾಸ ಬಂದರೆ ಅದು ತಡೆಯುತ್ತದೆ, ಲಾಗಿನ್ ಪುಟಗಳ ವಿಳಾಸ ಹಲವು ಸಲ ಹಾಗೇ ಇರುತ್ತದೆ. ಆ ಲಾಗಿನ್ ಪುಟದ ಡೊಮೈನ್‌ಗೆ ಮಾತ್ರ ವಿನಾಯಿತಿ ಕೊಡಿ. ಎರಡನೆಯದು ಗೂಢಲಿಪಿಯ ಡಿಎನ್‌ಎಸ್, ಲಾಗಿನ್ ಮುಗಿಯುವವರೆಗೆ ಅದನ್ನು ಬದಿಗಿಡಬೇಕು. ಮೂರನೆಯದು ವಿಪಿಎನ್, ಅದು ಲಾಗಿನ್ ಆದ ಮೇಲೆಯೇ ಏಳಬೇಕು.

ಕೆಲವು ನೆಟ್‌ವರ್ಕ್‌ಗಳು ದಿನಕ್ಕೆ ಇಷ್ಟು ನಿಮಿಷ, ಇಷ್ಟು ಎಂಬಿ ಎಂದು ಮಿತಿ ಹಾಕಿರುತ್ತವೆ. ಹಾರ್ಡ್‌ವೇರ್ ವಿಳಾಸ ಬದಲಿಸಿ ಮತ್ತೆ ಮತ್ತೆ ಹೊಸಬರಂತೆ ಸೇರುವ ಸ್ಕ್ರಿಪ್ಟ್ ಬರೆಯುವುದು ಕಷ್ಟವಲ್ಲ. ಅದು ಉಚಿತವಾಗಿ ಕೊಟ್ಟವರಿಗೂ ಸರದಿಯಲ್ಲಿರುವ ಇತರರಿಗೂ ಮಾಡುವ ಮೋಸ, ಮಾಡಬೇಡಿ.

ನಂಬಿಕೆಯ ಪ್ರಶ್ನೆ

ತೆರೆದ ವೈ-ಫೈಯಲ್ಲಿ ಗಾಳಿಯಲ್ಲಿ ಹೋಗುವ ಪ್ಯಾಕೆಟ್‌ಗಳಿಗೆ ಗೂಢಲಿಪಿ ಇಲ್ಲ. 2010ರ ಅಕ್ಟೋಬರಿನಲ್ಲಿ ಬಂದ ಫೈರ್‌ಶೀಪ್ ಎಂಬ ಬ್ರೌಸರ್ ವಿಸ್ತರಣೆ, ಅದೇ ತೆರೆದ ವೈ-ಫೈಯಲ್ಲಿರುವ ಬೇರೆಯವರ ಲಾಗಿನ್ ಕುಕೀಗಳನ್ನು ಹಿಡಿದು ಅವರ ಖಾತೆಯೊಳಗೆ ಹೋಗುವುದು ಎಷ್ಟು ಸುಲಭ ಎಂದು ತೋರಿಸಿಕೊಟ್ಟಿತು. ಇಂದು ಹೆಚ್ಚಿನ ತಾಣಗಳು ಎಚ್‌ಟಿಟಿಪಿಎಸ್‌ಗೆ ಬಂದಿರುವುದರಿಂದ ಅಷ್ಟು ಸಲೀಸಾಗಿ ಆಗದು. ಆದರೂ ನೀವು ಯಾವ ಯಾವ ತಾಣಗಳಿಗೆ ಹೋಗುತ್ತೀರಿ ಎಂಬುದು ಬಹುಮಟ್ಟಿಗೆ ಕಾಣುತ್ತಲೇ ಇರುತ್ತದೆ.

ತಾನಾಗಿ ಸೇರುವ ಯಂತ್ರಕ್ಕೆ ಇನ್ನೊಂದು ಅಪಾಯವಿದೆ. ಕರ್ಮ ಎಂಬ ದಾಳಿಯ ವಿಧಾನವನ್ನು ಭದ್ರತಾ ಸಂಶೋಧಕರು 2004ರ ಹೊತ್ತಿಗೇ ತೋರಿಸಿದ್ದರು. ಉಪಕರಣ ತನಗೆ ಗೊತ್ತಿರುವ ಹೆಸರುಗಳನ್ನು ಕೂಗಿ ಕೇಳಿದಾಗ, ದಾಳಿಕೋರರ ಅಕ್ಸೆಸ್ ಪಾಯಿಂಟ್ ಪ್ರತಿ ಹೆಸರಿಗೂ ‘ನಾನೇ ಅದು’ ಎಂದು ಉತ್ತರ ಕೊಡುತ್ತದೆ. ತೆರೆದ ನೆಟ್‌ವರ್ಕಿಗೆ ಪಾಸ್‌ವರ್ಡ್ ಇಲ್ಲದ್ದರಿಂದ ಅಸಲಿ ಯಾವುದು, ನಕಲಿ ಯಾವುದು ಎಂದು ಪರೀಕ್ಷಿಸಲು ಉಪಕರಣದ ಬಳಿ ಏನೂ ಇರುವುದಿಲ್ಲ. ಒಪ್ಪಿಗೆಯ ಪಟ್ಟಿಯಲ್ಲಿರುವ ಹೆಸರನ್ನೇ ನಕಲು ಮಾಡಬಹುದು ಎಂಬುದನ್ನು ಮರೆಯಬಾರದು. ಪಟ್ಟಿಯಲ್ಲಿ ಹೆಸರಿನ ಜೊತೆ ಹಾರ್ಡ್‌ವೇರ್ ವಿಳಾಸವನ್ನೂ ಇಟ್ಟರೆ ಆಕಸ್ಮಿಕ ತಪ್ಪುಗಳು ತಪ್ಪುತ್ತವೆ. ಆದರೆ ಹಟ ಹಿಡಿದವರು ಅದನ್ನೂ ನಕಲು ಮಾಡಬಲ್ಲರು.

ಹಾಗಾಗಿ ಭದ್ರತೆಯನ್ನು ಹೊರಗಿನ ನೆಟ್‌ವರ್ಕಿನ ಮೇಲೆ ಹೊರಿಸದೆ ನಮ್ಮ ಬಳಿಯೇ ಇಟ್ಟುಕೊಳ್ಳಬೇಕು. 2020ರ ಮಾರ್ಚಿನಲ್ಲಿ ಬಂದ ಲಿನಕ್ಸ್ 5.6ರಿಂದ ಕರ್ನಲ್‌ನಲ್ಲೇ ಇರುವ ವೈರ್‌ಗಾರ್ಡ್ ಎಂಬ ವಿಪಿಎನ್ ಪುಟ್ಟ ರೂಟರುಗಳಲ್ಲೂ ಚೆನ್ನಾಗಿ ಓಡುತ್ತದೆ. ಮನೆಯ ಅಥವಾ ಕಚೇರಿಯ ಸರ್ವರಿಗೆ ವೈರ್‌ಗಾರ್ಡ್ ಸುರಂಗ ತೋಡಿ, ಸುರಂಗ ಬಿದ್ದಾಗ ಒಳಗಿನ ಉಪಕರಣಗಳಿಂದ ಒಂದು ಪ್ಯಾಕೆಟ್ಟೂ ಹೊರಹೋಗದಂತೆ ಫೈರ್‌ವಾಲ್‌ನಲ್ಲಿ ಕಟ್ಟಬೇಕು, ಲಾಗಿನ್ ಪುಟಕ್ಕೆ ಮಾತ್ರ ತಾತ್ಕಾಲಿಕ ದಾರಿ ಬಿಡಬೇಕು. ಗಡಿಯಾರದ ಸಂಗತಿ ಇಲ್ಲಿಯೂ ಬರುತ್ತದೆ. ರೂಟರಿನ ಗಡಿಯಾರ ಹಿಂದಕ್ಕೆ ಹೋಗಿದ್ದರೆ ವೈರ್‌ಗಾರ್ಡ್ ಸರ್ವರ್ ಅದರ ವಿನಂತಿಯನ್ನು ಹಳೆಯದೆಂದು ತಳ್ಳಿಹಾಕುತ್ತದೆ. ಮೊದಲು ಸಮಯ ಸರಿಪಡಿಸಿ, ಆಮೇಲೆ ಸುರಂಗ ಎಬ್ಬಿಸಿ.

ಪಾಸ್‌ವರ್ಡ್ ಇಲ್ಲದೆಯೂ ಗೂಢಲಿಪಿ ಕೊಡುವ ಒಡಬ್ಲ್ಯೂಇ ಎಂಬ ವಿಧಾನ ಈಗ ಇದೆ. ವೈ-ಫೈ ಅಲಯನ್ಸ್ 2018ರಲ್ಲಿ ಇದಕ್ಕೆ ಎನ್‌ಹ್ಯಾನ್ಸ್‌ಡ್ ಓಪನ್ ಎಂದು ಹೆಸರಿಟ್ಟಿತು. ಕದ್ದು ಕೇಳುವುದನ್ನು ಇದು ತಡೆಯುತ್ತದೆ, ನಕಲಿ ಅಕ್ಸೆಸ್ ಪಾಯಿಂಟನ್ನು ತಡೆಯುವುದಿಲ್ಲ. ಸಿಕ್ಕಲ್ಲಿ ಇದಕ್ಕೆ ಆದ್ಯತೆ ಕೊಡಿ, ಸುರಂಗವನ್ನು ಮಾತ್ರ ಬಿಡಬೇಡಿ.

ಬಾಗಿಲು ತೆರೆದಿದೆ ಎಂದರೆ ಒಪ್ಪಿಗೆ ಇದೆ ಎಂದಲ್ಲ

ಭಾರತದ ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 43ನೇ ಕಲಮು ಒಡೆಯರ ಅನುಮತಿಯಿಲ್ಲದೆ ಅವರ ಕಂಪ್ಯೂಟರ್ ಜಾಲವನ್ನು ಬಳಸುವುದನ್ನು ಒಳಗೊಂಡಿದೆ. ಅದನ್ನೇ ಅಪ್ರಾಮಾಣಿಕವಾಗಿ ಅಥವಾ ವಂಚನೆಯಿಂದ ಮಾಡಿದರೆ 66ನೇ ಕಲಮಿನ ಪ್ರಕಾರ ಮೂರು ವರ್ಷದವರೆಗೆ ಸೆರೆವಾಸ, ಐದು ಲಕ್ಷ ರೂಪಾಯಿವರೆಗೆ ದಂಡ ಇರಬಹುದು. ಪಾಸ್‌ವರ್ಡ್ ಹಾಕಲು ಗೊತ್ತಿಲ್ಲದ ಪಕ್ಕದ ಮನೆಯವರ ವೈ-ಫೈ ತೆರೆದಿರುವುದು ನಮಗೆ ಕೊಟ್ಟ ಒಪ್ಪಿಗೆಯಲ್ಲ. ಒಪ್ಪಿಗೆಯ ಪಟ್ಟಿ ಬೇಕೇ ಬೇಕು ಎನ್ನುವುದಕ್ಕೆ ತಾಂತ್ರಿಕ ಕಾರಣದಷ್ಟೇ ದೊಡ್ಡದು ಈ ಕಾರಣ.

ತೆರೆದ ವೈ-ಫೈ ಬಗ್ಗೆ ನಮ್ಮ ದೇಶದಲ್ಲಿ ಎಚ್ಚರ ಬಿಗಿಯಾದದ್ದಕ್ಕೆ ಹಿನ್ನೆಲೆಯಿದೆ. 2008ರ ಜುಲೈ 26ರ ಅಹಮದಾಬಾದ್ ಸ್ಫೋಟಗಳ ಹೊತ್ತಿನಲ್ಲಿ ಬಂದ ಬೆದರಿಕೆಯ ಇಮೇಲ್ ನವಿ ಮುಂಬಯಿಯ ಮನೆಯೊಂದರ ಬೀಗವಿಲ್ಲದ ವೈ-ಫೈ ಮೂಲಕ ಹೋಗಿತ್ತು, ತನಿಖೆ ಆ ಮನೆಯ ಬಾಗಿಲಿಗೆ ಬಂತು. ಮರುವರ್ಷ ದೂರಸಂಪರ್ಕ ಇಲಾಖೆ ವೈ-ಫೈ ಬಳಸುವವರ ಗುರುತು ದಾಖಲಾಗಬೇಕೆಂದು ಇಂಟರ್ನೆಟ್ ಸೇವೆ ಕೊಡುವವರಿಗೆ ಸೂಚಿಸಿತು. ರೈಲು ನಿಲ್ದಾಣಗಳಲ್ಲಿ ರೈಲ್‌ಟೆಲ್ ಕೊಡುವ ವೈ-ಫೈ ಮೊಬೈಲ್ ಸಂಖ್ಯೆ ಮತ್ತು ಒಟಿಪಿ ಕೇಳುತ್ತದೆ. ಕೇಂದ್ರ ಸಚಿವ ಸಂಪುಟ 2020ರ ಡಿಸೆಂಬರ್ 9ರಂದು ಒಪ್ಪಿದ ಪಿಎಂ-ವಾಣಿ ಯೋಜನೆಯಲ್ಲಿ ಕಿರಾಣಿ ಅಂಗಡಿ, ಟೀ ಅಂಗಡಿಯವರೂ ಪರವಾನಗಿಯಿಲ್ಲದೆ ವೈ-ಫೈ ಕೊಡಬಹುದು. ಅಲ್ಲಿಯೂ ಬಳಕೆದಾರರು ಆ್ಯಪ್ ಮೂಲಕ ತಮ್ಮ ಗುರುತು ತೋರಿಸಿಯೇ ಸೇರುತ್ತಾರೆ.

ಹೀಗಾಗಿ ನಮ್ಮಲ್ಲಿ ಸಾರ್ವಜನಿಕ ವೈ-ಫೈಗೆ ಸೇರುವ ಸ್ಕ್ರಿಪ್ಟ್ ಹೆಚ್ಚಾಗಿ ಒಟಿಪಿಯ ಹೊಸ್ತಿಲಲ್ಲಿ ನಿಲ್ಲುತ್ತದೆ, ಉಳಿದ ಹೆಜ್ಜೆ ನೀವೇ ಇಡಬೇಕು. ಆ ಒಟಿಪಿ ನಿಮ್ಮ ಹೆಸರಿನದು ಎಂಬುದೂ ನೆನಪಿರಲಿ. ರೂಟರಿನ ಹಿಂದಿರುವ ಪ್ರತಿ ಉಪಕರಣ ಮಾಡುವುದೂ ನಿಮ್ಮ ಮೊಬೈಲ್ ಸಂಖ್ಯೆಯ ಲೆಕ್ಕಕ್ಕೇ ಬೀಳುತ್ತದೆ. ಹೊರಗಿನ ವೈ-ಫೈ ತೆರೆದಿದ್ದರೂ ನಿಮ್ಮ ಒಳಗಿನ ವೈ-ಫೈಗೆ ಡಬ್ಲ್ಯೂಪಿಎ2 ಅಥವಾ ಡಬ್ಲ್ಯೂಪಿಎ3 ಬೀಗ, ಉದ್ದನೆಯ ಪಾಸ್‌ವರ್ಡ್ ಇರಲೇಬೇಕು.

ಹೊರಡುವ ಮೊದಲು ಮನೆಯಲ್ಲೇ ಪರೀಕ್ಷೆ

ಬರೆದ ಸ್ಕ್ರಿಪ್ಟನ್ನು, ಇಲ್ಲವೇ ಹೊಂದಿಸಿದ ಟ್ರಾವೆಲ್‌ಮೇಟನ್ನು ಪ್ರಯಾಣಕ್ಕೆ ಒಯ್ಯುವ ಮೊದಲು ಹಳೆಯ ರೂಟರೊಂದನ್ನು ಮೇಜಿನ ಮೇಲಿಟ್ಟು ಪರೀಕ್ಷಿಸಿ. ಅದಕ್ಕೆ ಇಂಟರ್ನೆಟ್ ಕೇಬಲ್ ಕೊಡದೆ ತೆರೆದ ವೈ-ಫೈ ಮಾಡಿ, ಹೆಸರನ್ನು ಒಪ್ಪಿಗೆಯ ಪಟ್ಟಿಗೆ ಸೇರಿಸಿ. ಸ್ಕ್ರಿಪ್ಟ್ ಸೇರಿ, ಪರೀಕ್ಷಿಸಿ, ಬಿಟ್ಟು ಬರಬೇಕು. ಆಮೇಲೆ ಕೇಬಲ್ ಚುಚ್ಚಿ, ಹತ್ತು ನಿಮಿಷದ ನಂತರ ಅದು ಮತ್ತೆ ಸೇರಬೇಕು. ಹೆಸರಿನಲ್ಲಿ ಉದ್ಧರಣ ಚಿಹ್ನೆ ಹಾಕಿ ನೋಡಿ, ಕನ್ನಡದಲ್ಲಿ ಹೆಸರಿಟ್ಟು ನೋಡಿ. ಪಟ್ಟಿಯಿಂದ ಹೆಸರು ತೆಗೆದು ನೋಡಿ, ಆಗ ಸಿಗ್ನಲ್ ಎಷ್ಟೇ ಬಲವಾಗಿದ್ದರೂ ಅದು ಹತ್ತಿರ ಸುಳಿಯಬಾರದು. ಕೊನೆಗೆ ವೈರ್‌ಗಾರ್ಡ್ ಸರ್ವರನ್ನು ನಿಲ್ಲಿಸಿ, ಫೋನಿನಲ್ಲಿ ಯಾವ ಪುಟವೂ ತೆರೆಯದಿರುವುದನ್ನು ಖಚಿತಮಾಡಿಕೊಳ್ಳಿ.

ಈ ಪರೀಕ್ಷೆಗಳಲ್ಲಿ ನಾಲ್ಕು ಸೇರದಿರುವುದನ್ನೋ, ಬಿಡುವುದನ್ನೋ, ತಪ್ಪಾಗಿ ನಂಬದಿರುವುದನ್ನೋ ನೋಡುತ್ತವೆ. ನೀವು ನೋಡದ ಹೊತ್ತಿನಲ್ಲಿ ನಿಮ್ಮ ಪರವಾಗಿ ನಿರ್ಧಾರ ಮಾಡುವ ಯಂತ್ರಕ್ಕೆ ಮೊದಲು ಕಲಿಸಬೇಕಾದದ್ದು ಇದನ್ನೇ. ಇಷ್ಟು ಪಾಠ ಪಾಸಾದ ರೂಟರನ್ನು ಧೈರ್ಯವಾಗಿ ಚೀಲಕ್ಕೆ ಹಾಕಿಕೊಂಡು ಹೊರಡಬಹುದು.